ಸೂಜಿಯಕ್ಕನ ಮಗಳ ಗೈರುಹಾಜರಿ

ಅವರ ಹುದ್ದೆಗೆ ಸರ್ಕಾರ ಇಟ್ಟ ಹೆಸರು ಹಾಜರಾತಿ ಅಧಿಕಾರಿ. ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು? ಬೀದಿಯ ಮಕ್ಕಳು ಅದನ್ನು ಮೊಟಕು ಮಾಡಿ ಹಾಜರಿಯಮ್ಮ ಎಂದು ಕರೆಯುತ್ತಿದ್ದರು. ಅವರ ಕಂದು ಚೀಲ ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಶಾಲೆ ತಪ್ಪಿಸಿ ಚೆಂಡಾಡುತ್ತಿದ್ದವರಿಗೆಲ್ಲ ಇದ್ದಕ್ಕಿದ್ದಂತೆ ಹೊಟ್ಟೆನೋವು ಬರುತ್ತಿತ್ತು. "ನನ್ನನ್ನ ನೋಡಿ ಕಾಯಿಲೆ ಬೀಳೋ ಮಕ್ಕಳನ್ನ ನೋಡಿದ್ರೆ ನಾನು ಡಾಕ್ಟರಾಗಬೇಕಿತ್ತು" ಎಂದು ಅವರೇ ನಗುತ್ತಿದ್ದರು. ಆದರೆ ಹದಿನೇಳು ವರ್ಷ ಈ ಕೆಲಸ ಮಾಡಿದ ಮೇಲೆ ಅವರಿಗೆ ಒಂದು ಮಾತು ಮನದಟ್ಟಾಗಿತ್ತು. ಆಟಕ್ಕಾಗಿ ಶಾಲೆ ಬಿಡುವವರು ಎರಡು ದಿನ ಬಿಡುತ್ತಾರೆ, ಹೆಚ್ಚೆಂದರೆ ಮೂರು. ಇಪ್ಪತ್ತು ದಾಟಿತೆಂದರೆ ಅದರ ಹಿಂದೆ ಆಟ ಇರುವುದಿಲ್ಲ.

ಆ ಹುಡುಗಿ ನಲವತ್ತೊಂದು ದಿನ ಬಂದಿರಲಿಲ್ಲ.

ವಯಸ್ಸು ಹನ್ನೆರಡು. ತಂದೆ ಇಲ್ಲ. ತಾಯಿ ಬಟ್ಟೆ ಹೊಲಿಯುವಾಕೆ. ತರಗತಿಯ ಮೇಷ್ಟ್ರು ಹಾಜರಿ ಪುಸ್ತಕ ತಿರುವಿ ತೋರಿಸಿದರು. "ಓದೋದರಲ್ಲಿ ಮುಂದಿದ್ದಳು. ಗೈರುಹಾಜರಿ ಅನ್ನೋದೇ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ನಿಂತುಹೋದಳು. ಎರಡು ಚೀಟಿ ಕಳಿಸಿದೆ, ಬಾವಿಗೆ ಕಲ್ಲು ಹಾಕಿದ ಹಾಗಾಯ್ತು."

ಮನೆ ಹುಡುಕುವುದು ಕಷ್ಟವಾಗಲಿಲ್ಲ. 'ಸೂಜಿಯಕ್ಕನ ಅಂಗಡಿ' ಎಂದರೆ ಇಡೀ ಬೀದಿಗೆ ಗೊತ್ತು. ಎರಡೇ ಕೋಣೆ. ಮುಂದಿನದು ಅಂಗಡಿ, ಹಿಂದಿನದು ಸಂಸಾರ. ಹೊಲಿಗೆ ಯಂತ್ರವನ್ನು ಕಿಟಕಿಯ ಬೆಳಕಿಗೆ ಮುಖಮಾಡಿ ಇಟ್ಟಿದ್ದರಿಂದ ಹೊಲಿಯುವವಳ ಬೆನ್ನು ಒಳಗಿನ ಕೋಣೆಯ ಕಡೆಗಿತ್ತು. ಹಗ್ಗದ ಮೇಲೆ ತೋಳಿಲ್ಲದ ಅಂಗಿಗಳು, ಕಾಲು ಕತ್ತರಿಸಿದ ಪ್ಯಾಂಟುಗಳು. ಕೆಳಗೆ ಚಿಂದಿಗಳ ಗುಡ್ಡೆ. ಹಾಜರಿಯಮ್ಮ ಬಾಗಿಲಲ್ಲಿ ನಿಂತು ಎರಡು ಸಲ "ಯಾರಿದೀರಿ?" ಎಂದರು. ಯಂತ್ರ ನಿಲ್ಲಲಿಲ್ಲ. ಅವರ ನೆರಳು ಬಟ್ಟೆಯ ಮೇಲೆ ಬಿದ್ದಾಗ ಮಾತ್ರ ಆ ಹೆಂಗಸು ತಲೆಯೆತ್ತಿದಳು. ಮೂವತ್ತೈದರ ಆಸುಪಾಸು, ತುಟಿಗಳ ನಡುವೆ ಎರಡು ಗುಂಡುಸೂಜಿ, ಬಲಗೈ ಮೊಣಕೈ ಹತ್ತಿರ ಇನ್ನೂ ಪೂರ್ತಿ ಮಾಯದ ಸುಟ್ಟ ಗಾಯ.

ಅಷ್ಟರಲ್ಲಿ ಹುಡುಗಿ ಒಳಗಿಂದ ಓಡಿ ಬಂದಳು. ಒಂದು ಕೈಯಲ್ಲಿ ಗುಂಡಿಗಳ ಡಬ್ಬಿ, ಇನ್ನೊಂದರಲ್ಲಿ ದಾರ. ಕಂದು ಚೀಲ ನೋಡಿದ್ದೇ ಅವಳ ಮುಖದ ಬಣ್ಣ ಇಳಿಯಿತು. ಆದರೂ ಸಾವರಿಸಿಕೊಂಡಳು.

"ಅಮ್ಮಂಗೆ ಕಿವಿ ಕೇಳಲ್ಲ ಮೇಡಂ. ಮಾತೂ ಬರಲ್ಲ, ಓದೋಕೂ ಬರಲ್ಲ. ನೀವೇನು ಹೇಳ್ಬೇಕೋ ನನಗೆ ಹೇಳಿ, ನಾನು ಅಮ್ಮಂಗೆ ಹೇಳ್ತೀನಿ."

"ನೀನು ಶಾಲೆಗೆ ಯಾಕೆ ಬರ್ತಿಲ್ಲ ಅಂತ ನಿಮ್ಮಮ್ಮನ್ನ ಕೇಳು."

ಹುಡುಗಿ ಗುಂಡಿ ಡಬ್ಬಿ ಕೆಳಗಿಟ್ಟು ಕೈಬೆರಳು ಆಡಿಸಿದಳು. ತಾಯಿ ಗುಂಡುಸೂಜಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿ, ಹುಬ್ಬು ಗಂಟಿಕ್ಕಿ, ಎರಡೂ ಕೈಯಿಂದ ಬಹಳ ಹೊತ್ತು ಏನೋ ಹೇಳಿದಳು. ಮಗಳ ಕಡೆ ಬೆರಳು ತೋರಿಸಿದಳು, ಅಧಿಕಾರಿಯ ಕಡೆ ತೋರಿಸಿದಳು, ಅಂಗೈಯನ್ನು ಚಾವಣಿಯ ಹಾಗೆ ಹಿಡಿದಳು.

"ನಾನಿಲ್ದಿದ್ರೆ ಅಂಗಡಿ ನಡೆಯಲ್ಲ ಅಂತಾಳೆ" ಎಂದಳು ಹುಡುಗಿ.

"ಅಷ್ಟು ಹೊತ್ತು ಕೈಯಾಡಿಸಿದ್ದಕ್ಕೆ ಇಷ್ಟೇನಾ?"

"ಅಮ್ಮ ಒಂದೇ ಮಾತನ್ನ ನಾಲ್ಕು ಸಲ ಹೇಳ್ತಾಳೆ ಮೇಡಂ. ಎಲ್ಲರ ಅಮ್ಮಂದಿರೂ ಹಾಗೇ ಅಲ್ವಾ?"

ಹಾಜರಿಯಮ್ಮನಿಗೆ ನಗು ಬಂತು. ಗಿರಾಕಿಯೊಬ್ಬ ಬಂದು "ಸೊಂಟಕ್ಕೆ ಎರಡು ಬೆರಳು ಸಡಿಲ ಇರಲಿ, ಹಿಂದಿನ ಜೇಬು ಬೇಡ, ಶುಕ್ರವಾರ ಬೇಕು" ಎಂದ. ಅವನ ಬಾಯಿ ಮುಚ್ಚುವ ಮೊದಲೇ ಹುಡುಗಿಯ ಬೆರಳು ಅದನ್ನೆಲ್ಲ ತಾಯಿಗೆ ಮುಟ್ಟಿಸಿಯಾಗಿತ್ತು. ತಾಯಿ ತಲೆಯಾಡಿಸಿ ಸೀಮೆಸುಣ್ಣದಲ್ಲಿ ಗೀಟು ಹಾಕಿದಳು. ಎರಡು ದೇಹ, ಒಂದೇ ಉಸಿರು ಅನ್ನುವ ಹಾಗೆ ಕೆಲಸ ಸಾಗುತ್ತಿತ್ತು.

"ಆ ಗಾಯ ಏನಾಗಿದ್ದು?"

"ಇಸ್ತ್ರಿ ಪೆಟ್ಟಿಗೆ ತಾಗಿದ್ದು" ಎಂದಷ್ಟೇ ಹೇಳಿ ಹುಡುಗಿ ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸಲು ಕೂತಳು.

ಕಚೇರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಹಾಜರಿಯಮ್ಮನ ಮನಸ್ಸಿನಲ್ಲಿ ಹಳೆಯ ಹುಣ್ಣೊಂದು ಕೆದಕಿಕೊಂಡಿತು. ಆರು ವರ್ಷದ ಹಿಂದೆ, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಇಂಥದ್ದೇ ಒಬ್ಬ ಹುಡುಗಿಯನ್ನು ಅವರು ನೋಟಿಸು ಕೊಟ್ಟು ಶಾಲೆಗೆ ಎಳೆತಂದಿದ್ದರು. ಮೂರನೆಯ ದಿನ ಅಜ್ಜಿ ಮಂಚದಿಂದ ಬಿದ್ದು ಸಂಜೆಯವರೆಗೆ ನೆಲದ ಮೇಲೇ ಇದ್ದಳು. ಜೀವ ಹೋಗಲಿಲ್ಲ, ಆದರೆ ಸೊಂಟ ಮುರಿಯಿತು. ಆ ಹುಡುಗಿ ಆಮೇಲೆ ಅವರನ್ನು ಕಂಡಾಗ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಯಮಗಳ ಪುಸ್ತಕ ಅವರಿಗೆ ಬಾಯಿಪಾಠ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವೂ ಶಾಲೆಗೆ ಹಾಜರಾಗತಕ್ಕದ್ದು. ವಿನಾಯಿತಿಗೆ ಕಾರಣ ಮೂರು. ಮಗುವಿಗೆ ದೀರ್ಘ ಕಾಯಿಲೆ ಇರಬೇಕು, ಇಲ್ಲವೇ ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇರಬಾರದು, ಇಲ್ಲವೇ ಮನೆಯಲ್ಲಿ ಅಶಕ್ತರಿದ್ದು ನೋಡಿಕೊಳ್ಳಲು ವಯಸ್ಸಿಗೆ ಬಂದವರು ಬೇರೆ ಯಾರೂ ಇರಬಾರದು. ಮೂರನೆಯದು ಈ ಮನೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು.

ಅವರು ಶಿಫಾರಸು ಬರೆದರು. ಅವರ ಮೇಲಧಿಕಾರಿ, ಸದಾ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡಿರುವ ಸಾಹೇಬರು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನೀವಾ? ವಿನಾಯಿತಿ ಕೇಳ್ತಿರೋದು? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಎರಡು ವರ್ಷದ ಮಾತು ಸಾರ್. ಹದಿನಾಲ್ಕು ತುಂಬಿದರೆ ಹೇಗೂ ಕಾನೂನು ಅವಳನ್ನ ಕೇಳಲ್ಲ."

ಸಾಹೇಬರು ರುಜು ಹಾಕಿದರು. ಗುಂಡನೆಯ ಮೊಹರೂ ಬಿತ್ತು. ಇನ್ನು ತಾಯಿಯ ಹೆಬ್ಬೆಟ್ಟು ಒಂದು ಬಾಕಿ.

ಮರುದಿನ ಹಾಜರಿಯಮ್ಮ ಮತ್ತೆ ಬಂದು ವಿನಾಯಿತಿಯ ಕಾಗದ ತೋರಿಸಿದಾಗ ಹುಡುಗಿ ಕಣ್ಣರಳಿಸಿದಳು. "ನಿಜವಾಗ್ಲೂ? ಇನ್ನು ಯಾರೂ ಬಂದು ಕೇಳಲ್ವಾ?" ಎಂದು ಎರಡು ಸಲ ಕೇಳಿ, ಶಾಯಿಯ ಪ್ಯಾಡನ್ನು ತಾನೇ ಬಿಚ್ಚಿ ಯಂತ್ರದ ಹಲಗೆಯ ಮೇಲಿಟ್ಟಳು. ತಾಯಿಗೆ ಬೆರಳಲ್ಲಿ ಚುಟುಕಾಗಿ ಏನೋ ಹೇಳಿ ಹೆಬ್ಬೆಟ್ಟು ಒತ್ತಬೇಕಾದ ಜಾಗ ತೋರಿಸಿದಳು. ತಾಯಿ ನಗುತ್ತಲೇ ಹೆಬ್ಬೆರಳನ್ನು ಶಾಯಿಗೆ ಅದ್ದಿದಳು.

ಕೈ ಕಾಗದದ ಮೇಲೆ ಬಂದು, ಗಾಳಿಯಲ್ಲೇ ನಿಂತಿತು.

ಆಕೆ ಬಗ್ಗಿ ನೋಡಿದಳು. ಮೊಹರು ನೋಡಿದಳು. ಮೇಲೆ ದಪ್ಪಕ್ಷರದಲ್ಲಿದ್ದ ಒಂದು ಪದದ ಕೆಳಗೆ ಉಗುರು ಇಟ್ಟು, ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ ಹೋದಳು. ಆಮೇಲೆ ಎದ್ದು ಒಳಕ್ಕೆ ನಡೆದಳು. ತಗಡಿನ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಆಕೆಯ ಕೈಯಲ್ಲಿ ನಾಲ್ಕು ಮಡಿಕೆಯ ಹಳೆಯ ಕಾಗದವಿತ್ತು. ಮಡಿಕೆಗಳಲ್ಲಿ ಹರಿದು, ಹಿಂದೆ ಬಟ್ಟೆಯ ಪಟ್ಟಿ ಹಚ್ಚಿ ಹೊಲಿದದ್ದು. ಅದನ್ನು ಹೊಸ ಕಾಗದದ ಪಕ್ಕ ಹರಡಿದಳು.

ಹಾಜರಿಯಮ್ಮ ಓದಿದರು. ಇಪ್ಪತ್ತೆಂಟು ವರ್ಷದ ಹಿಂದಿನ ತಾರೀಖು. 'ಸದರಿ ಮಗುವಿಗೆ ಶ್ರವಣಶಕ್ತಿ ಇಲ್ಲದಿರುವುದರಿಂದ ಶಾಲಾ ಹಾಜರಾತಿಯಿಂದ ಶಾಶ್ವತ ವಿನಾಯಿತಿ ನೀಡಲಾಗಿದೆ.' ಕೆಳಗೆ ಅದೇ ಇಲಾಖೆ, ಅದೇ ಗುಂಡನೆಯ ಮೊಹರು. ರುಜು ಹಾಕಿದವರ ಹುದ್ದೆ: ಹಾಜರಾತಿ ಅಧಿಕಾರಿ.

ಆಕೆ ಹಳೆಯ ಕಾಗದದ 'ವಿನಾಯಿತಿ'ಯನ್ನು ಮುಟ್ಟಿದಳು. ಹೊಸ ಕಾಗದದ 'ವಿನಾಯಿತಿ'ಯನ್ನು ಮುಟ್ಟಿದಳು. ಮತ್ತೆ ಅದನ್ನು ಮುಟ್ಟಿದಳು, ಮತ್ತೆ ಇದನ್ನು. ತನ್ನ ಹೆಸರು ಬಿಟ್ಟರೆ ಪ್ರಪಂಚದ ಅಕ್ಷರಗಳಲ್ಲಿ ಆಕೆಗೆ ಗುರುತು ಸಿಗುತ್ತಿದ್ದುದು ಅದೊಂದೇ. ಆಕೆ ಮಗಳ ಕಡೆ ತಿರುಗಿ ಒಂದೇ ಒಂದು ಸನ್ನೆ ಮಾಡಿದಳು. ಅದನ್ನು ತಿಳಿಯಲು ಯಾರ ಸಹಾಯವೂ ಬೇಕಿರಲಿಲ್ಲ: ಇದು ಏನು?

ಹುಡುಗಿಯ ಬೆರಳು ಏನೋ ಉತ್ತರ ಕೊಡಲು ಎದ್ದವು. ತಾಯಿ ಅವಳ ಎರಡೂ ಮಣಿಕಟ್ಟು ಹಿಡಿದು ಕೆಳಕ್ಕಿಳಿಸಿದಳು. ಸಿಟ್ಟಿನಿಂದಲ್ಲ. ಇನ್ನು ನೀನು ಸುಮ್ಮನಿರು ಅನ್ನುವ ಹಾಗೆ. ಆಮೇಲೆ ಗೂಟಕ್ಕೆ ನೇತುಹಾಕಿದ್ದ ಶಾಲೆಯ ಚೀಲ ತಂದು, ನೇರವಾಗಿ ಹಾಜರಿಯಮ್ಮನ ಮಡಿಲಲ್ಲಿ ಇಟ್ಟಳು. ತನ್ನ ಎದೆ ಮುಟ್ಟಿಕೊಂಡು ಹಳೆಯ ಕಾಗದ ತೋರಿಸಿದಳು. ಮಗಳನ್ನು ತೋರಿಸಿ, ಹೊಸ ಕಾಗದ ತೋರಿಸಿ, ತಲೆಯನ್ನು ಅಡ್ಡಡ್ಡ ಆಡಿಸಿದಳು. ನಿಲ್ಲಿಸದೆ ಆಡಿಸುತ್ತಲೇ ಇದ್ದಳು. ಗಂಟಲಿನಿಂದ ಒಂದು ಸ್ವರ ಬಂತು, ಮಾತಲ್ಲದ ಸ್ವರ.

ಹಾಜರಿಯಮ್ಮ ಚೀಲ ಪಕ್ಕಕ್ಕಿಟ್ಟರು. "ಮಗೂ," ಎಂದು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡರು, "ಮೊದಲನೇ ದಿನ ನಿಮ್ಮಮ್ಮ ಅಷ್ಟು ಹೊತ್ತು ಕೈಯಾಡಿಸಿದ್ರಲ್ಲ, ಏನು ಹೇಳಿದ್ರು? ಸುಳ್ಳು ಬೇಡ. ನಾನು ಬೈಯಲ್ಲ."

ಹುಡುಗಿ ಗುಂಡಿ ಡಬ್ಬಿಯನ್ನೇ ನೋಡಿದಳು. ಕೊನೆಗೆ ತಡೆಯಲಾರದೆ ಅಳು ಒತ್ತಿಕೊಂಡು ಬಂತು.

"ಶಾಲೆ ಚಾವಣಿ ರಿಪೇರಿ ಮುಗೀತಾ, ಅದನ್ನ ಹೇಳೋಕೆ ಬಂದ್ರಾ ಅಂತ ಕೇಳಿದ್ಲು. ಇಷ್ಟು ದಿನ ಪಾಠ ಇಲ್ದಿದ್ರೆ ಮಕ್ಕಳ ಗತಿ ಏನು, ಬೇರೆ ಜಾಗದಲ್ಲಾದ್ರೂ ಪಾಠ ಮಾಡೋಕೆ ಹೇಳಿ ಅಂದ್ಲು."

"ಚಾವಣಿ ರಿಪೇರಿ ಅಂತ ನೀನೇ ಹೇಳಿದ್ದು?"

"ಹೂಂ."

"ಇವತ್ತು ಏನು ಹೇಳಿ ಹೆಬ್ಬೆಟ್ಟು ಕೇಳಿದೆ?"

"ಬಿಟ್ಟಿ ಪುಸ್ತಕ ಕೊಡ್ತಾರೆ, ಅದಕ್ಕೆ ಅಂತ."

ಹದಿನೇಳು ವರ್ಷದಲ್ಲಿ ಎಷ್ಟೋ ಅಪ್ಪಂದಿರು, ಎಷ್ಟೋ ಅಮ್ಮಂದಿರು ಅವರ ಕಣ್ಣಿಗೆ ಮಣ್ಣೆರಚಲು ನೋಡಿದ್ದರು. ಗೆದ್ದವಳು ಈ ಹನ್ನೆರಡು ವರ್ಷದ ಪೋರಿ. ಆದರೂ ಅವರಿಗೆ ಸಿಟ್ಟು ಬರಲಿಲ್ಲ. "ಯಾಕಮ್ಮಾ?" ಎಂದರು.

ಆಗ ಅದು ಹೊರಬಂತು. ಒಂದು ದಿನ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು ಬೆಂಕಿ ಹತ್ತಿತ್ತು. ಸೂಜಿಯಕ್ಕ ಅತ್ತ ಬೆನ್ನು ಹಾಕಿ ಹೊಲಿಯುತ್ತಿದ್ದಳು. ಬೀದಿಯಲ್ಲಿ ಜನ ಹೊಗೆ ಕಂಡು ಗಂಟಲು ಹರಿಯುವ ಹಾಗೆ ಕೂಗಿದರು, ಆಕೆ ತಲೆ ತಗ್ಗಿಸಿ ಯಂತ್ರ ತುಳಿಯುತ್ತಲೇ ಇದ್ದಳು. ಪಕ್ಕದ ಅಂಗಡಿಯ ಗಡಿಯಾರದಜ್ಜ ನುಗ್ಗಿ ಬಂದು ಭುಜ ಹಿಡಿದು ಅಲ್ಲಾಡಿಸಿದ ಮೇಲೆಯೇ ತಿರುಗಿ ನೋಡಿದ್ದು. ಉರಿಯುತ್ತಿದ್ದ ಬಟ್ಟೆಯನ್ನು ಎಳೆದು ಹಾಕುವಾಗ ಕೈ ಸುಟ್ಟಿತು. ಹುಡುಗಿ ಶಾಲೆಯಿಂದ ಬಂದಾಗ ಮನೆ ಮುಂದೆ ಜನ ಜಾತ್ರೆ.

"ಅಷ್ಟೊಂದು ಜನ ಯಾಕೆ ನಿಂತಿದಾರೆ ಅಂತ ಯಾರೂ ಹೇಳ್ಲಿಲ್ಲ ಮೇಡಂ. ಎಲ್ರೂ ನನ್ನೇ ನೋಡ್ತಿದ್ರು. ನಾನು ಅಮ್ಮ ಸತ್ತೋದ್ಲು ಅಂದ್ಕೊಂಡೆ." ಅವಳು ಮೂಗು ಒರೆಸಿಕೊಂಡಳು. "ಶಾಲೆಗೆ ಬಂದ್ರೆ ನಾನು ಲೆಕ್ಕ ಮಾಡ್ತಿರ್ತೀನಿ, ಇಲ್ಲಿ ಏನಾದ್ರೂ ಆಗ್ತಿರುತ್ತೆ. ನನಗೆ ಹೇಗೆ ಗೊತ್ತಾಗುತ್ತೆ?"

ತಾಯಿ ಇಬ್ಬರ ತುಟಿಗಳನ್ನು ಪಾಳಿಯ ಮೇಲೆ ನೋಡುತ್ತ ನಿಂತಿದ್ದಳು.

"ಈಗ ನೀನು ನನಗೆ ಹೇಳಿದ್ದಷ್ಟನ್ನೂ ಅಮ್ಮನಿಗೆ ಹೇಳು" ಎಂದರು ಹಾಜರಿಯಮ್ಮ. "ಒಂದೂ ಬಿಡಬೇಡ."

ಹುಡುಗಿ ಹೇಳಿದಳು. ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದರಿಂದ ಒಂದೆರಡು ಕಡೆ ಮತ್ತೆ ಹೇಳಬೇಕಾಯಿತು. ಚಾವಣಿಯ ಸುಳ್ಳಿಗೆ ತಾಯಿಯ ಕೈ ಹೊಡೆಯಲು ಎದ್ದಿತು. ಬೆಂಕಿಯ ಕಥೆ ಬಂದಾಗ ಅದೇ ಕೈ ಮಗಳ ತಲೆಯ ಮೇಲೆ ಇಳಿಯಿತು. ಆಮೇಲೆ ಆಕೆ ನಿಧಾನವಾಗಿ, ಬಿಡಿಸಿ ಬಿಡಿಸಿ ಉತ್ತರ ಕೊಟ್ಟಳು. ಈ ಸಲ ಹುಡುಗಿ ಒಂದೊಂದನ್ನೂ ಇದ್ದ ಹಾಗೇ ಹೇಳಿದಳು.

"ನೀನು ಹುಟ್ಟೋಕೆ ಮುಂಚೆ ನನ್ನ ಕಿವಿ ಯಾರಾಗಿದ್ರು ಅಂತ ಕೇಳ್ತಿದಾಳೆ. ಆಗಲೂ ಹೊಲೀತಿದ್ದೆ, ಆಗಲೂ ಉಂಡೆ ಅಂತಾಳೆ... ಆ ಕಾಗದ ಬಂದಾಗ ನನಗೆ ಏಳು ವರ್ಷ. ಬೀದಿಯ ಮಕ್ಕಳೆಲ್ಲ ಹೋದ್ರು, ನನ್ನನ್ನ ಮಾತ್ರ ಯಾರೂ ಕರೀಲಿಲ್ಲ. ಅಪ್ಪ ಆ ಕಾಗದ ತೋರಿಸಿ, ನಿನಗೆ ಬೇಡವಂತೆ ಅಂದ. ಯಾರಾದ್ರೂ ಕೇಳಿದ್ರೆ ತೋರಿಸು ಅಂತ ಕೈಗೆ ಕೊಟ್ಟ... ಯಾರೂ ಕೇಳ್ಲೇ ಇಲ್ಲ, ಅಂತಾಳೆ."

ಯಂತ್ರದ ಹಲಗೆಯ ಮೇಲೆ ಎರಡೂ ಕಾಗದ ಅಕ್ಕಪಕ್ಕ ಬಿದ್ದಿದ್ದವು. ಹಾಜರಿಯಮ್ಮ ಹೊಸದನ್ನು ಎತ್ತಿಕೊಂಡು, ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ ಹರಿದು ಚೀಲಕ್ಕೆ ಹಾಕಿಕೊಂಡರು. ಕರುಣೆಯಿಂದ ಬರೆದ ಕಾಗದವೇ ಅದು. ಇಪ್ಪತ್ತೆಂಟು ವರ್ಷದ ಹಿಂದೆ ಆ ಇನ್ನೊಂದನ್ನು ಬರೆದವರೂ ಕರುಣೆಯಿಂದಲೇ ಬರೆದಿರಬೇಕು ಎಂದು ಅವರಿಗೆ ಅನ್ನಿಸಿತು. ಹಾಗನ್ನಿಸಿದ್ದರಿಂದ ಏನೂ ಸಮಾಧಾನವಾಗಲಿಲ್ಲ.

ಸಾಹೇಬರು ಕೂಗಾಡಿದರು. ರುಜು ಮೊಹರು ಬಿದ್ದ ಕಾಗದ ಹರಿಯಲು ಇವರಿಗೆ ಅಧಿಕಾರ ಕೊಟ್ಟವರು ಯಾರು, ಲಿಖಿತ ವಿವರಣೆ ಕೊಡಿ ಎಂದರು. ಹಾಜರಿಯಮ್ಮ ಎರಡು ಪುಟ ಬರೆದುಕೊಟ್ಟರು. ಓದಿ ಮುಗಿಸಿದ ಮೇಲೆ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಒಂಬತ್ತನೇ ಕಲಮು ನೋಡಿದೀರಾ? ಅರ್ಧ ದಿನದ ಹಾಜರಾತಿ. ಮೂರು ತಿಂಗಳವರೆಗೆ ನಾನೇ ಕೊಡಬಹುದು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದರು.

ಕಾಗದದ ಕೆಲಸ ಹಾಗೆ ಮುಗಿಯಿತು. ಹುಡುಗಿಯ ಹೆದರಿಕೆಗೆ ಕಲಮು ಇರಲಿಲ್ಲವಲ್ಲ. ಅದಕ್ಕೆ ಗಡಿಯಾರದಜ್ಜ ಬೇಕಾಯಿತು. ಎಪ್ಪತ್ತು ದಾಟಿದ ಮುದುಕ, ಒಂದು ಕಣ್ಣಿಗೆ ಸದಾ ಭೂತಗನ್ನಡಿ. ಹಾಜರಿಯಮ್ಮ ಕೇಳಿದ್ದಕ್ಕೆ, "ಇದನ್ನ ಬೆಂಕಿ ಬಿದ್ದ ಮರುದಿನವೇ ನಾನು ಮಾಡಬೇಕಿತ್ತು. ನನಗೆ ಹೊಳೀಲಿಲ್ಲ ನೋಡಿ" ಎಂದು ತನ್ನ ಹಣೆ ತಾನೇ ಚಚ್ಚಿಕೊಂಡ. ಎರಡು ದಿನ ಅಂಗಡಿ ಮುಚ್ಚಿ, ಬಾಗಿಲಿಗೊಂದು ಗುಂಡಿ, ಯಂತ್ರದ ಮುಂದಿನ ಗೋಡೆಗೊಂದು ಕೆಂಪು ದೀಪ ಹಾಕಿದ. ಹೊರಗೆ ಒತ್ತಿದರೆ ಒಳಗೆ ದೀಪ ಮಿನುಗುತ್ತದೆ. ತನ್ನ ಅಂಗಡಿಯಿಂದಲೂ ಒಂದು ತಂತಿ ಎಳೆದುಕೊಂಡ. ಕಿಟಕಿಯ ಪಕ್ಕ ದೊಡ್ಡ ಕನ್ನಡಿ ನಿಲ್ಲಿಸಿದರು. ಈಗ ಸೂಜಿಯಕ್ಕ ತಲೆಯೆತ್ತಿದರೆ ಹಿಂದಿನ ಕೋಣೆ ಪೂರ್ತಿ ಕಾಣುತ್ತಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಆಕೆಯೇ ಎತ್ತಿಕೊಂಡು ಬಂದು ಅಂಗಡಿಯಲ್ಲಿ, ಕೈಗೆ ಎಟಕುವ ಹಾಗೆ ಇಟ್ಟುಕೊಂಡಳು.

ಇಷ್ಟಾದರೂ ಮೊದಲನೆಯ ವಾರ ಹುಡುಗಿ ಎರಡು ಸಲ ಪಾಠದ ನಡುವೆ ಎದ್ದು ಮನೆಗೆ ಓಡಿದಳು. ಮೊದಲನೆಯ ಸಲ ತಾಯಿ ಅಪ್ಪಿಕೊಂಡು ಕಳಿಸಿದಳು. ಎರಡನೆಯ ಸಲ ಅಳತೆ ಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಮಗಳ ಕೈಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋಗಿ, ತರಗತಿಯ ಬಾಗಿಲಲ್ಲಿ ನಿಲ್ಲಿಸಿ, ಮೇಷ್ಟ್ರಿಗೆ ಬೆರಳು ತೋರಿಸಿ ಏನೋ ತಾಕೀತು ಮಾಡಿ ಹೋದಳು. ಮೇಷ್ಟ್ರು ಹುಡುಗಿಯನ್ನು ಕೇಳಿದರು, "ಏನಂದ್ರು ನಿಮ್ಮಮ್ಮ?"

"ನಾನು ಇನ್ನೊಂದ್ಸಲ ಎದ್ದು ಓಡಿದ್ರೆ, ನಿಮ್ಮನ್ನೂ ಸೇರಿಸಿ ಹೊಲಿದುಬಿಡ್ತಾಳಂತೆ" ಎಂದಳು ಹುಡುಗಿ. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಅದನ್ನು ಹಾಜರಿಯಮ್ಮನಿಗೆ ಹೇಳುವಾಗ ಮೇಷ್ಟ್ರು, "ಅದು ನಿಜವಾದ ಅನುವಾದವೋ ಅಲ್ಲವೋ ದೇವರಿಗೇ ಗೊತ್ತು" ಎಂದರು.

ಎರಡು ತಿಂಗಳಿಗೇ ಅರ್ಧ ದಿನದ ಪರವಾನಗಿಯನ್ನು ತಾಯಿ ತಾನಾಗಿಯೇ ಹಿಂದಕ್ಕೆ ಕಳಿಸಿದಳು. ಪೂರ್ತಿ ದಿನದ ಮೊದಲ ಮಧ್ಯಾಹ್ನ ಹಾಜರಿಯಮ್ಮನಿಗೆ ಕಚೇರಿಯಲ್ಲಿ ಕೂರಲಾಗಲಿಲ್ಲ. ಚೀಲ ಹೆಗಲಿಗೇರಿಸಿ ಅಂಗಡಿಯತ್ತ ಬಂದರು. ಬಾಗಿಲಲ್ಲಿ ಒಬ್ಬ ದಪ್ಪನೆಯ ಗಿರಾಕಿ ಕೋಟು ಹಿಡಿದು ನಿಂತಿದ್ದ. ಸೂಜಿಯಕ್ಕ ಅವನೆದುರು ಎರಡೂ ಕೈಯಲ್ಲಿ ಜೋರಾಗಿ ವಾದ ಮಾಡುತ್ತಿದ್ದಳು. ಅವನು ಬೆವತುಹೋಗಿದ್ದ.

"ಮೇಡಂ, ನಿಮಗೆ ಇವರ ಭಾಷೆ ಬರುತ್ತಾ? ಹೋದ ವರ್ಷ ಇವರೇ ಹೊಲಿದ ಕೋಟು, ಈಗ ಗುಂಡಿ ಕೂರ್ತಿಲ್ಲ. ಏನು ಹೇಳ್ತಿದಾರೆ?"

ಹಾಜರಿಯಮ್ಮ ಕೈಗಳನ್ನು ಗಮನವಿಟ್ಟು ನೋಡಿದರು. "ಬಟ್ಟೆ ಒಗೆದು ಕುಗ್ಗಿದೆ ಅಂತಿರಬೇಕು" ಎಂದು ಅಂಗೈಗಳನ್ನು ಹತ್ತಿರ ತಂದು ತೋರಿಸಿದರು.

ಸೂಜಿಯಕ್ಕ ಅವರ ಕೈ ನೋಡಿ ತಲೆಯನ್ನು ಅಡ್ಡಡ್ಡ ಆಡಿಸಿದಳು. ಅಲ್ಲ. ಕೋಟನ್ನು ಮೆಲ್ಲಗೆ ತಟ್ಟಿ ಇದು ಸರಿಯಾಗಿದೆ ಎಂದಳು. ಆಮೇಲೆ ಕೆನ್ನೆ ಉಬ್ಬಿಸಿ, ಎರಡೂ ಕೈಯನ್ನು ಹೊಟ್ಟೆಯ ಮುಂದೆ ಚಾಚಿ, ಗಿರಾಕಿಯ ಕಡೆ ತೋರಿಸಿದಳು.

ಅವನಿಗೆ ಅರ್ಥವಾಯಿತು. ಕಿವಿಯವರೆಗೆ ಕೆಂಪಾಗಿ, ಆಮೇಲೆ ತಾನೇ ಹೊಟ್ಟೆ ಕುಲುಕಿಸಿ ನಗತೊಡಗಿದ. ಸೂಜಿಯಕ್ಕ ಅಳತೆ ಪಟ್ಟಿ ಬಿಚ್ಚಿ ಅವನ ಸುತ್ತ ಹಾಕುತ್ತ, ಹಾಜರಿಯಮ್ಮನ ಕಡೆ ನೋಡಿ ಕೈಬೀಸಿದಳು: ಕೂರೋಕೆ ಜಾಗ ಇಲ್ಲ, ನನಗೆ ಕೆಲಸ ಇದೆ, ನೀವಿನ್ನು ಹೊರಡಿ.